ಕೂತ ದಿನಗಳ ಸಂಬಳ

ಕಾರಿನ ಮುಂಗಾಜಿಗೆ ಗಟ್ಟಿಯಾಗಿ ಅಂಟಿಕೊಂಡಿದ್ದ ಮಂಜನ್ನು ಡೆಲ್ಬರ್ಟ್ ಕೆರೆದು ಕೆರೆದು ತೆಗೆಯುತ್ತಿದ್ದ. ಒಳಗೆ ಕೂತಿದ್ದ ವರ್ನಾ ಎಂಜಿನ್ ಬಿಸಿಯಾಗಲೆಂದು ಕಾಯುತ್ತ ಎರಡೂ ಕೈಗಳನ್ನು ಬಾಯಿಯ ಹತ್ತಿರ ಹಿಡಿದುಕೊಂಡಿದ್ದಳು. ಆಸ್ಪತ್ರೆಯ ನೀಲಿ ಅಂಗಿಯ ಮೇಲೆ ಗಂಡ ಡೆಲ್ಬರ್ಟನ ದಪ್ಪ ಕೋಟು ಹಾಕಿದ್ದಳು. ಆ ಕೋಟು ಈಗ ಅವನಿಗೆ ಬೇಕಿರಲಿಲ್ಲ. ಅವನು ಹೋಗಬೇಕಾದ ಜಾಗವೇ ಇರಲಿಲ್ಲ. ತನ್ನ ಪಿಕಪ್ ಗಾಡಿಯ ಟ್ಯಾಂಕಿಗೆ ರಬ್ಬರ್ ಕೊಳವೆ ಇಳಿಬಿಟ್ಟು, ಬಾಯಲ್ಲಿ ಎಳೆದು, ಪೆಟ್ರೋಲನ್ನೆಲ್ಲ ಅವಳ ಕಾರಿಗೆ ತುಂಬಿಸಿ ಆಗಿತ್ತು. ಬಾಯಲ್ಲಿ ಇನ್ನೂ ಅದರ ಕಹಿ ಇತ್ತು.

ಸರ್ಕಾರ ಬಾಗಿಲು ಹಾಕಿಕೊಂಡದ್ದು ಕ್ರಿಸ್‌ಮಸ್‌ಗೆ ಮುಂಚೆ. ವಾಷಿಂಗ್ಟನ್‌ನಲ್ಲಿ ದೊಡ್ಡವರು ಯಾವುದೋ ಹಟ ಹಿಡಿದು ಸರ್ಕಾರ ನಡೆಸುವ ಹಣಕ್ಕೆ ಒಪ್ಪಿಗೆ ಕೊಡದೆ ಎದ್ದು ಹೋಗಿದ್ದರು. ಅದರ ಬಿಸಿ ಅರಿಜೋನಾದ ಈ ಮೂಲೆಗೆ, ದಿನೇ ಎಂಬ ಮೂಲನಿವಾಸಿ ಜನರ ಈ ನೆಲಕ್ಕೆ, ಒಂದೇ ಮನೆಗೆ ಎರಡು ಬಗೆಯಲ್ಲಿ ತಟ್ಟಿತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ದಾದಿಯ ಸಹಾಯಕಿಯಾಗಿದ್ದ ವರ್ನಾಳ ಕೆಲಸ ಅಗತ್ಯದ್ದು. ಅವಳು ಬರಲೇಬೇಕು, ಸಂಬಳ ಮಾತ್ರ ಈಗ ಇಲ್ಲ. ರಸ್ತೆ ಇಲಾಖೆಯಲ್ಲಿ ಮಣ್ಣು ರಸ್ತೆ ಸಮ ಮಾಡುವ ಗ್ರೇಡರ್ ಯಂತ್ರ ಓಡಿಸುವ ಡೆಲ್ಬರ್ಟನ ಕೆಲಸ ಅಗತ್ಯದ್ದಲ್ಲ. ಅವನು ಬರಲೇಕೂಡದು, ಇಲಾಖೆಯ ಒಂದು ಸಲಿಕೆಯನ್ನೂ ಮುಟ್ಟಕೂಡದು. ಮೊದಲ ವಾರ ಗಂಡ ಹೆಂಡತಿ ಇದನ್ನೇ ಹೇಳಿಕೊಂಡು ನಕ್ಕಿದ್ದರು. "ನಾನು ಬೇಕಾದವಳು, ನೀನು ಬೇಡವಾದವನು. ಪಾತ್ರೆ ತೊಳಿ ಹೋಗು," ಎಂದು ವರ್ನಾ ತಮಾಷೆ ಮಾಡಿದ್ದಳು. ಈಚೆಗೆ ಆ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ.

ಅವತ್ತು ಮಂಗಳವಾರ. ಭಾನುವಾರ ಸಂಜೆ ಹಿಡಿದ ಹಿಮ ಸೋಮವಾರವೆಲ್ಲ ಬಿದ್ದು ನಿಂತಿತ್ತು. ಹೆದ್ದಾರಿ ಹೇಗೋ ತೆರೆದಿತ್ತು. ಕಾರು ಹೊರಡುವ ಮುಂಚೆ ವರ್ನಾ ಕಿಟಕಿ ಇಳಿಸಿ, "ಅಕ್ಕನಿಗೆ ಫೋನ್ ಮಾಡು. ನಿನ್ನೆ ಅವರನ್ನ ಕರ್ಕೊಂಡು ಹೋಗೋಕೆ ವ್ಯಾನ್ ಬಂತಾ ಕೇಳು," ಎಂದಳು.

ವ್ಯಾನ್ ಬಂದಿರಲಿಲ್ಲ. ಬರುವುದು ಸಾಧ್ಯವೂ ಇರಲಿಲ್ಲ. ಡೆಲ್ಬರ್ಟನ ಅಕ್ಕ ಆರ್ಲೀನ್ ಮತ್ತು ಭಾವ ಕ್ಲಿಫರ್ಡ್ ಇದ್ದದ್ದು ಕರಿಬಂಡೆ ಎನ್ನುವ ಜಾಗದ ಕಡೆ, ಹೆದ್ದಾರಿಯಿಂದ ಒಳಕ್ಕೆ ಹೋಗುವ ಉದ್ದನೆಯ ಮಣ್ಣು ರಸ್ತೆಯ ಕೊನೆಯಲ್ಲಿ. ಅಲ್ಲಿಗೆ ಗ್ರೇಡರ್ ಹೋಗಿ ಹಿಮ ತಳ್ಳದಿದ್ದರೆ ಯಾವ ಗಾಡಿಯೂ ಹೋಗುವಂತಿರಲಿಲ್ಲ. ಇಷ್ಟು ವರ್ಷವೂ ಹಿಮ ಬಿದ್ದ ಮರುದಿನ ಬೆಳಗಾಗುವಷ್ಟರಲ್ಲಿ ಆ ರಸ್ತೆಯಲ್ಲಿ ಇರುತ್ತಿದ್ದವನು ಡೆಲ್ಬರ್ಟನೇ. ಅಕ್ಕನ ಎರಡೂ ಕಿಡ್ನಿ ಕೆಟ್ಟು ಕೆಲವು ವರ್ಷವಾಗಿತ್ತು. ಸೋಮವಾರ, ಬುಧವಾರ, ಶುಕ್ರವಾರ ಪೇಟೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಸೋಮವಾರದ್ದು ತಪ್ಪಿಹೋಗಿತ್ತು.

ಫೋನಿನಲ್ಲಿ ಅವಳ ದನಿ ಎಂದಿನಂತೆಯೇ ಇತ್ತು. ಆರ್ಲೀನ್ ಇಪ್ಪತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಹಿಂದಿನ ಸೀಟಿನಲ್ಲಿ ಗಲಾಟೆ ಮಾಡುವ ಮಕ್ಕಳಿಗೆ ಕೇಳುವಂತೆ ಮಾತಾಡುವುದು ಅವಳ ಅಭ್ಯಾಸ.

"ವಾಷಿಂಗ್ಟನ್ನಿಗೂ ಕಿಡ್ನಿ ಕೆಟ್ಟಿದೆ ಕಣೋ, ನನ್ನ ಹಾಗೇ. ಅದನ್ನೂ ಯಾರಾದ್ರೂ ಮಿಷನ್ನಿಗೆ ಹಾಕ್ಬೇಕು," ಎಂದಳು. ಕಾಲು ಊದಿದೆಯಾ ಎಂದು ಕೇಳಿದರೆ, ಕಾಲು ಯಾವಾಗ ಊದಿರಲಿಲ್ಲ ಹೇಳು ಎಂದಳು. ತಿನ್ನೋದು ಕುಡಿಯೋದು ಕಮ್ಮಿ ಮಾಡಿದ್ದೇನೆ, ಬುಧವಾರಕ್ಕೆ ರಸ್ತೆ ಸರಿಹೋದರೆ ಸಾಕು ಎಂದಳು.

ಫೋನ್ ಇಟ್ಟವನೇ ಡೆಲ್ಬರ್ಟ್ ನಡೆದುಕೊಂಡು ಇಲಾಖೆಯ ಅಂಗಳಕ್ಕೆ ಹೋದ. ಅದು ಅವನ ಮನೆಯಿಂದ ಕಣ್ಣಳತೆಯ ದೂರದಲ್ಲೇ ಇತ್ತು. ತಂತಿ ಬೇಲಿಯ ಆಚೆ ಅವನ ಹಳದಿ ಗ್ರೇಡರ್ ಹಿಮ ಹೊದ್ದುಕೊಂಡು ನಿಂತಿತ್ತು. ಇಡೀ ಅಂಗಳದಲ್ಲಿ ಕೆಲಸಕ್ಕೆ ಬರಲು ಅಪ್ಪಣೆ ಇದ್ದದ್ದು ಮೇಸ್ತ್ರಿ ಮಾರ್ವಿನ್ ಒಬ್ಬನಿಗೆ. ಅವನೂ ಸಂಬಳವಿಲ್ಲದೆ ಒಂದು ಸಣ್ಣ ಗಾಡಿಯಲ್ಲಿ ಶಾಲೆಯ ಮುಂದಿನ ರಸ್ತೆ, ಆಸ್ಪತ್ರೆಯ ಮುಂದಿನ ರಸ್ತೆ ಇಷ್ಟರ ಮೇಲಿನ ಹಿಮವನ್ನಷ್ಟೇ ತೆಗೆಯುತ್ತಿದ್ದ. ಡೆಲ್ಬರ್ಟನನ್ನು ಕಂಡು ಅವನು ಕಬ್ಬಿಣದ ಒಲೆಯ ಪಕ್ಕ ಕುರ್ಚಿ ಎಳೆದು ಹಾಕಿದ.

"ಕಾಫಿ ಇದೆ, ಕುಡಿ. ಗಾಡಿ ವಿಷಯ ಮಾತ್ರ ಎತ್ತಬೇಡ."

"ಅಕ್ಕನಿಗೆ ನಿನ್ನೇದು ತಪ್ಪಿದೆ. ನಾಳೇದೂ ತಪ್ಪಿದ್ರೆ ಏನಾಗುತ್ತೋ ಗೊತ್ತಿಲ್ಲ. ಒಂದು ಬೆಳಗ್ಗೆ ಕೆಲಸ ಅಷ್ಟೇ ಮಾರ್ವಿನ್. ನಂಗೆ ಸಂಬಳ ಬೇಡ."

"ಸಂಬಳ ಬೇಡ ಅಂದ್ರೂ ತಪ್ಪೇ ಕಣಪ್ಪಾ. ಪುಕ್ಕಟೆ ಮಾಡೋದೂ ಕಾನೂನಿಗೆ ವಿರುದ್ಧ. ನಿನ್ನೆಯಿಂದ ಮೇಲಿನವರಿಗೆ ಫೋನ್ ಮಾಡ್ತಾನೇ ಇದೀನಿ. ಹಣ ಇಲ್ಲ, ಕಚೇರಿ ಮುಚ್ಚಿದೆ ಅಂತ ರೆಕಾರ್ಡ್ ಮಾಡಿದ ದನಿ ಹೇಳುತ್ತೆ. ಅಪ್ಪಣೆ ಕೊಡೋರಿಗೇ ರಜಾ."

ಒಬ್ಬ ಅಧಿಕಾರಿಯ ಮನೆಯ ನಂಬರು ಸಿಕ್ಕಿದೆ, ನಾಳೆ ಮಧ್ಯಾಹ್ನದೊಳಗೆ ಹೇಳುತ್ತೇನೆ ಎಂದಿದ್ದಾನೆ ಎಂದು ಮಾರ್ವಿನ್ ಸಮಾಧಾನ ಹೇಳಿದ. ಪೆನ್ಷನ್ನಿಗೆ ಎಷ್ಟು ವರ್ಷ ಉಳಿದಿದೆ ನಿನಗೆ ಎಂದೂ ಕೇಳಿದ. ಹೆಚ್ಚೇನೂ ಉಳಿದಿರಲಿಲ್ಲ. ಆಮೇಲೆ ಇಬ್ಬರೂ ಕಾಫಿ ಕುಡಿದರು. ಮಾರ್ವಿನ್ ಎದ್ದು, ಒಲೆಗೆ ಸೌದೆ ತರ್ತೀನಿ ಎಂದು ಹೊರಗೆ ಹೋದ.

ಸೌದೆ ಒಲೆಯ ಪಕ್ಕದಲ್ಲೇ ರಾಶಿ ಬಿದ್ದಿತ್ತು. ಡೆಲ್ಬರ್ಟ್ ಅದನ್ನು ನೋಡಿದ. ತಲೆಯೆತ್ತಿದರೆ ಮೇಜಿನ ಹಿಂದಿನ ಗೋಡೆಯ ಮೊಳೆಗಳಲ್ಲಿ ಬೀಗದ ಕೈಗಳು ತೂಗುತ್ತಿದ್ದವು. ಅವನ ಗ್ರೇಡರಿನದು ಮೂರನೆಯ ಮೊಳೆಯಲ್ಲಿ. ಅದಕ್ಕೆ ಕಟ್ಟಿದ್ದ ಕೆಂಪು ಉಣ್ಣೆಯ ದಾರ ಅವನೇ ಕಟ್ಟಿದ್ದು. ಕೈ ಚಾಚಿದರೆ ಸಾಕು. ಮಾರ್ವಿನ್ ಎಷ್ಟೋ ಹೊತ್ತು ಬರಲಿಲ್ಲ. ಕಿಟಕಿಯಲ್ಲಿ ಅವನ ಬೆನ್ನು ಕಾಣುತ್ತಿತ್ತು. ಬೇಲಿಯ ಹತ್ತಿರ ನಿಂತು ಆಚೆ ಗುಡ್ಡ ನೋಡುತ್ತಿದ್ದ, ಗುಡ್ಡದಲ್ಲಿ ನೋಡುವಂಥದ್ದೇನೋ ಇರುವ ಹಾಗೆ.

ಡೆಲ್ಬರ್ಟ್ ಎದ್ದು ನಿಂತ. ಎದ್ದು ನಿಂತದ್ದು ಅವನಿಗೆ ಚೆನ್ನಾಗಿ ನೆನಪಿದೆ. ಕೆಲಸ ಹೋದರೆ ವರ್ನಾಳ ಬಾರದ ಸಂಬಳ ಒಂದರಲ್ಲಿ ಮನೆ ನಡೆಯುವುದು ಹೇಗೆ ಎಂದು ಯೋಚಿಸಿದ್ದೂ ನೆನಪಿದೆ. ನಾಳೆ ಮಧ್ಯಾಹ್ನದೊಳಗೆ ಅಪ್ಪಣೆ ಬಂದೇ ಬರುತ್ತದಲ್ಲ, ಅಕ್ಕನೇ ಬುಧವಾರದವರೆಗೆ ತಡೆಯುತ್ತೇನೆ ಎಂದಿದ್ದಾಳಲ್ಲ ಎಂದುಕೊಂಡ. ಲೋಟ ತೊಳೆದು ಬೋರಲು ಹಾಕಿದ. ಮಾರ್ವಿನ್ ಬರಿಗೈಯಲ್ಲಿ ಒಳಗೆ ಬಂದು ಮೊದಲು ಗೋಡೆಯಲ್ಲಿ ಹಾಗೇ ತೂಗುತ್ತಿದ್ದ ಬೀಗದ ಕೈ ನೋಡಿದ, ಆಮೇಲೆ ಇವನನ್ನು ನೋಡಿದ. ಅವನ ಮುಖದಲ್ಲಿ ಇದ್ದದ್ದು ನೆಮ್ಮದಿಯೋ ಬೇಸರವೋ ಡೆಲ್ಬರ್ಟನಿಗೆ ತಿಳಿಯಲಿಲ್ಲ.

ಸಂಜೆ ಮತ್ತೆ ಅಕ್ಕನಿಗೆ ಫೋನ್ ಮಾಡಿ ಗ್ರೇಡರ್ ತಂದೇಬಿಡಲಾ ಎಂದು ಕೇಳಿದ. ಕೇಳಿದ್ದು ಯಾಕೆ ಎಂದು ಆಮೇಲೆ ಬಹಳ ಸಲ ಯೋಚಿಸಿದ್ದಾನೆ. ತರಬೇಕೆಂದಿದ್ದವನು ಕೇಳುತ್ತಿರಲಿಲ್ಲ.

ಅವ್ವ ಹೋದಾಗ ಅವನಿಗೆ ಒಂಬತ್ತು ವರ್ಷ. ಶಾಲೆ ಬಿಟ್ಟು, ಕುರಿ ಕಾದು, ಅವನನ್ನು ಓದಿಸಿದವಳು ಆರ್ಲೀನ್. ಇಪ್ಪತ್ತರ ವಯಸ್ಸಿನಲ್ಲಿ ಕುಡಿದು ಬಿದ್ದಿರುತ್ತಿದ್ದವನನ್ನು ಒಂದು ಬೆಳಿಗ್ಗೆ ಶಾಲೆಯ ಬಸ್ಸಿನಲ್ಲೇ ಕೂರಿಸಿಕೊಂಡು ಬಂದು ಇಲಾಖೆಯ ಈ ಅಂಗಳದಲ್ಲಿ ಇಳಿಸಿದ್ದಳು. ಬಸ್ಸಿನ ತುಂಬ ಮಕ್ಕಳು ನೋಡುತ್ತಿದ್ದರು. ಇವನಿಗೆ ಕೆಲಸ ಕೊಡೋವರೆಗೂ ಬಸ್ಸು ಇಲ್ಲಿಂದ ಕದಲೋದಿಲ್ಲ ಎಂದು ಅಂದಿನ ಮೇಸ್ತ್ರಿಯ ಮುಂದೆ ಹಟ ಹಿಡಿದಿದ್ದಳು.

"ಆ ಗಾಡಿ ಮುಟ್ಟಿದ್ರೆ ನನ್ನ ಮೇಲಾಣೆ," ಎಂದಳು ಈಗ. ದನಿ ಸ್ವಲ್ಪ ಎಳೆಯುತ್ತಿತ್ತು. "ಆ ಕೆಲಸ ನಿಂಗೆ ಸುಮ್ನೆ ಸಿಕ್ಕಿದ್ದಲ್ಲ. ನಂಗೇನೂ ಆಗಿಲ್ಲ. ಹೋಗಿ ಮಲ್ಕೋ."

ಬುಧವಾರ ಅವನು ಫೋನಿನ ಮುಂದೆ ಕೂತ. ಮಧ್ಯಾಹ್ನವಾಯಿತು, ಮಾರ್ವಿನ್‌ನಿಂದ ಕರೆ ಬರಲಿಲ್ಲ. ಇವನೇ ಮಾಡಿದ್ದಕ್ಕೆ, ಆ ಅಧಿಕಾರಿ ತನಗಿಂತ ಮೇಲಿನವರನ್ನು ಕೇಳಬೇಕಂತೆ, ಸಂಜೆಯೊಳಗೆ ಹೇಳುತ್ತಾನಂತೆ ಎಂದ. ವರ್ನಾ ಮಂಗಳವಾರದಿಂದ ಮನೆಗೆ ಬಂದಿರಲಿಲ್ಲ. ಅವಳ ಬದಲಿಗೆ ಬರಬೇಕಾದವಳು ಹಿಮದಲ್ಲಿ ಸಿಕ್ಕಿಕೊಂಡಿದ್ದರಿಂದ ಪಾಳಿಯ ಮೇಲೆ ಪಾಳಿ ಮಾಡುತ್ತ ಅಲ್ಲೇ ಬೆಂಚಿನ ಮೇಲೆ ಮಲಗಿ ಏಳುತ್ತಿದ್ದಳು. ಸಂಜೆ ಅವಳು ಫೋನ್ ಮಾಡಿ ಅಕ್ಕನನ್ನು ಕರೆತಂದೆಯಾ ಎಂದು ಕೇಳಿದಳು. ಇಲ್ಲ, ಆದರೆ ಚೆನ್ನಾಗಿದ್ದೇನೆ ಅಂತ ಅವಳೇ ಹೇಳಿದಳು ಎಂದ ಡೆಲ್ಬರ್ಟ್.

"ಚೆನ್ನಾಗಿಲ್ಲ ಅಂತ ಅವರು ಯಾವತ್ತು ಹೇಳಿದಾರೆ ಡೆಲ್?" ಎಂದಳು ವರ್ನಾ. "ರಕ್ತದಲ್ಲಿ ವಿಷ ಏರ್ತಾ ಇರುತ್ತೆ. ಅದು ಹೃದಯಕ್ಕೆ ಹೊಡೆಯುತ್ತೆ. ಹೋಗು. ಹೇಗಾದ್ರೂ ಸರಿ, ಹೋಗು."

ಅಪ್ಪಣೆ ಬರಲೇ ಇಲ್ಲ. ಗುರುವಾರ ಬೆಳಕು ಹರಿಯುವ ಮುಂಚೆ ಅವನು ಪಿಕಪ್ಪಿನ ಚಕ್ರಗಳಿಗೆ ಸರಪಳಿ ಕಟ್ಟಿದ. ಟ್ಯಾಂಕಿನಲ್ಲಿ ಪೆಟ್ರೋಲ್ ಇರಲಿಲ್ಲ. ಮಾರ್ವಿನ್ ತನ್ನ ಸ್ವಂತ ಗಾಡಿಯದನ್ನು ಡಬ್ಬಿಯಲ್ಲಿ ತಂದು ಸುರಿದ, ಸಲಿಕೆ ಕೊಟ್ಟ. ಅದು ಇಲಾಖೆಯದಲ್ಲ, ನಮ್ಮ ಮನೇದು ಎಂದ. ಗ್ರೇಡರಿನ ಮಾತು ಇಬ್ಬರೂ ಆಡಲಿಲ್ಲ.

ಹೆದ್ದಾರಿಯಿಂದ ಕರಿಬಂಡೆ ರಸ್ತೆಗೆ ತಿರುಗಿದ ಮೇಲೆ ರಸ್ತೆಯೇ ಇರಲಿಲ್ಲ. ಎರಡೂ ಬದಿಯ ಬೇಲಿ ಕಂಬಗಳ ತುದಿ ನೋಡಿಕೊಂಡು ಇಲ್ಲೇ ಇರಬೇಕು ಎಂದು ಹೋಗಬೇಕು. ಗಾಡಿ ಸ್ವಲ್ಪ ಮುಂದೆ ಹೋಗುವುದು, ಹೂತು ನಿಲ್ಲುವುದು. ಅವನು ಇಳಿದು ತೋಡುವುದು, ಮತ್ತೆ ಹತ್ತುವುದು. ಗ್ರೇಡರಿನ ಅಲಗಿನ ಒಂದು ಎಳೆತಕ್ಕೆ ಪಕ್ಕಕ್ಕೆ ಹೊರಳಿ ಬೀಳುತ್ತಿದ್ದ ಹಿಮವನ್ನು ಸಲಿಕೆಯಲ್ಲಿ ಎತ್ತಿ ಹಾಕುತ್ತ ಹಾಕುತ್ತ ಅವನ ಅಂಗಿ ಬೆವರಿನಿಂದ ನೆಂದು ಬೆನ್ನಿನ ಮೇಲೆಯೇ ಹೆಪ್ಪುಗಟ್ಟಿತು. ಈ ರಸ್ತೆಯ ಪ್ರತಿ ತಿರುವೂ ಅವನಿಗೆ ಗೊತ್ತಿತ್ತು. ಎಲ್ಲಿ ಗಾಳಿ ಹಿಮವನ್ನು ಗುಡ್ಡೆ ಹಾಕುತ್ತದೆ, ಎಲ್ಲಿ ಬೋಳಾಗಿ ಬಿಡುತ್ತದೆ ಎಂದು ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಇನ್ನೂ ಎಷ್ಟು ಉಳಿದಿದೆ ಎಂಬ ಲೆಕ್ಕವೂ ತಪ್ಪುತ್ತಿರಲಿಲ್ಲ.

ಹೊತ್ತು ನೆತ್ತಿಗೇರಿದಾಗ ದೂರದಲ್ಲಿ ಏನೋ ಕಪ್ಪಗೆ ಕದಲುವುದು ಕಂಡಿತು. ಸಲಿಕೆ ಊರಿ ನೋಡುತ್ತ ನಿಂತ. ಕುದುರೆ. ಅದರ ಪಕ್ಕದಲ್ಲಿ ಒಂದು ಕಾಲು ಎಳೆಯುತ್ತ ಬರುತ್ತಿದ್ದವನು ಕ್ಲಿಫರ್ಡ್ ಭಾವ. ಕುದುರೆಯ ಹಿಂದೆ ಹಗ್ಗ ಕಟ್ಟಿ ಎಳೆಸುತ್ತಿದ್ದದ್ದು ಯಾವುದೋ ಹಳೆಯ ಕಾರಿನ ಬಾನೆಟ್ಟು. ಅದನ್ನು ಅಂಗಾತ ಹಾಕಿ, ಅದರ ಮೇಲೆ ಕುರಿ ಚರ್ಮ ಹಾಸಿ, ಕಂಬಳಿಗಳಲ್ಲಿ ಸುತ್ತಿದ ಅಕ್ಕನನ್ನು ಮಲಗಿಸಿ ಕಟ್ಟಿದ್ದ.

ಡೆಲ್ಬರ್ಟ್ ಹಿಮದಲ್ಲಿ ಮೊಣಕಾಲುದ್ದ ಹೂತುಹೋಗುತ್ತ ಓಡಿದ. ಅಕ್ಕನ ಮುಖ ಊದಿ ಬಣ್ಣಗೆಟ್ಟಿತ್ತು. ಉಸಿರು ಮೇಲೆ ಮೇಲೆ ಬರುತ್ತಿತ್ತು. ಕಣ್ಣು ತೆರೆದು ಇವನನ್ನೂ, ಇವನ ಕೈಯ ಸಲಿಕೆಯನ್ನೂ ನೋಡಿದಳು.

"ಗಾಡಿ ಮುಟ್ಲಿಲ್ಲ ತಾನೆ?"

"ಇಲ್ಲ ಅಕ್ಕ."

"ಒಳ್ಳೇದಾಯ್ತು," ಎಂದಳು. ತೃಪ್ತಿಯಾದವಳಂತೆ ಕಣ್ಣು ಮುಚ್ಚಿದಳು.

ಭಾವ ಕುದುರೆಯ ಹಗ್ಗ ಬಿಚ್ಚಿ, ಅದರ ಕೆನ್ನೆ ತಟ್ಟಿ ಮನೆಯ ಕಡೆ ತಿರುಗಿಸಿ ಬಿಟ್ಟ. ಇಬ್ಬರೂ ಸೇರಿ ಅವಳನ್ನು ಎತ್ತಿ ಪಿಕಪ್ಪಿನ ಸೀಟಿನಲ್ಲಿ ನಡುವೆ ಕೂರಿಸಿದರು. ತಾನು ಕೊರೆದುಕೊಂಡು ಬಂದ ಜಾಡಿನಲ್ಲೇ ಡೆಲ್ಬರ್ಟ್ ಹಿಂದಕ್ಕೆ ಓಡಿಸಿದ. ಅವಳ ತಲೆ ಒಮ್ಮೆ ಭಾವನ ಭುಜಕ್ಕೂ ಒಮ್ಮೆ ಇವನ ಭುಜಕ್ಕೂ ವಾಲುತ್ತಿತ್ತು. ಭಾವ ಅವಳ ಕಿವಿಯ ಹತ್ತಿರ ಬಾಯಿಟ್ಟು ತಮ್ಮ ಜನರ ನುಡಿಯಲ್ಲಿ ಏನೋ ಹೇಳುತ್ತಲೇ ಇದ್ದ. ಡೆಲ್ಬರ್ಟ್ ಅದನ್ನು ಕೇಳಿಸಿಕೊಳ್ಳದಿರಲು ಪ್ರಯತ್ನಿಸಿದ. ಅದು ಗಂಡ ಹೆಂಡತಿಯ ಮಾತಾಗಿತ್ತು.

ಆಸ್ಪತ್ರೆಯ ಬಾಗಿಲಿಗೆ ಗಾಲಿ ಮಂಚ ತಂದವಳು ವರ್ನಾಳೇ. ಕಣ್ಣಿನ ಸುತ್ತ ಕಪ್ಪಾಗಿತ್ತು, ಕೂದಲು ಕೆದರಿತ್ತು. ಅವಳು ಗಂಡನನ್ನು ನೋಡಲಿಲ್ಲ. ಅಲ್ಲಿ ಡಯಾಲಿಸಿಸ್ ಯಂತ್ರವಿರಲಿಲ್ಲ, ಅದಿದ್ದ ಪೇಟೆಗೆ ಈ ಸ್ಥಿತಿಯಲ್ಲಿ ರಸ್ತೆಯಲ್ಲಿ ಒಯ್ಯುವಂತೆಯೂ ಇರಲಿಲ್ಲ. ಹೆಲಿಕಾಪ್ಟರಿನಲ್ಲಿ ದೊಡ್ಡ ಊರಿಗೆ ಕಳಿಸಬೇಕಿತ್ತು. ಕರೆಯೂ ಹೋಗಿತ್ತು. ಅದು ಬರುವ ಮುಂಚೆಯೇ ಅಕ್ಕನ ಹೃದಯ ನಿಂತಿತು. ಬಾಗಿಲಿನ ಸಣ್ಣ ಗಾಜಿನಲ್ಲಿ ಡೆಲ್ಬರ್ಟನಿಗೆ ವರ್ನಾಳ ಬೆನ್ನು ಕಾಣುತ್ತಿತ್ತು. ಎರಡೂ ಕೈ ಒಂದರ ಮೇಲೊಂದು ಇಟ್ಟು ಅವಳು ಅಕ್ಕನ ಎದೆ ಒತ್ತುತ್ತಿದ್ದಳು. ಸಾಕು, ಬೇರೆಯವರು ಒತ್ತಲಿ ಎಂದು ಡಾಕ್ಟರು ಹೇಳಿದರೂ ಬಿಡಲಿಲ್ಲ. ಕೊನೆಗೆ ಅವರೇ ಅವಳ ಮೊಣಕೈ ಹಿಡಿದು ನಿಲ್ಲಿಸಿದರು.

ಅವಳು ಹೊರಗೆ ಬಂದು, "ಡೆಲ್," ಎಂದಳು. ಅವನ ತೋಳಿನ ಮೇಲೆ ಕೈಯಿಟ್ಟಳು. ಆಮೇಲೆ ಯಾರೋ ಕರೆದರು, ಒಳಗೆ ಇನ್ನೊಬ್ಬ ರೋಗಿ ಕಾಯುತ್ತಿದ್ದ. ಅವಳು ಕಣ್ಣೊರೆಸಿಕೊಂಡು ಹೋದಳು. ಅವಳ ಪಾಳಿ ಇನ್ನೂ ಮುಗಿದಿರಲಿಲ್ಲ.

ಮಣ್ಣು ಮಾಡಿದ ಮೇಲೆ ಪದ್ಧತಿಯಂತೆ ನಾಲ್ಕು ದಿನ ಎಲ್ಲರೂ ಮೌನವಾಗಿದ್ದರು. ಅಕ್ಕನ ಹೆಸರನ್ನು ಆಮೇಲೆಯೂ ಯಾರೂ ಎತ್ತಲಿಲ್ಲ. ಹೋದವರನ್ನು ಹೆಸರು ಹಿಡಿದು ಕರೆಯಬಾರದು ಎಂಬುದು ಅವರ ನಂಬಿಕೆ. ಡೆಲ್ಬರ್ಟನಿಗೆ ಅದರಿಂದ ಒಂದು ಬಗೆಯ ಉಪಕಾರವೇ ಆಯಿತು. ಬೈಯುವವರಿದ್ದರೂ ಬೈಯಲು ಅವಳ ಹೆಸರು ಹೇಳಬೇಕಲ್ಲ. ಆದರೆ ಬೈಯುವವರು ಯಾರೂ ಇರಲಿಲ್ಲ. ಒಲೆಯ ಮುಂದೆ ಕೂತು ಅವನು ಕಾಯುತ್ತಿದ್ದ, ಮೊದಲೇ ಯಾಕೆ ಹೋಗಲಿಲ್ಲ ಅಂತ ವರ್ನಾ ಇವತ್ತು ಕೇಳಿಯಾಳು, ನಾಳೆ ಕೇಳಿಯಾಳು ಎಂದು. ಅವಳು ಬೆಳಿಗ್ಗೆ ಎದ್ದು ಆಸ್ಪತ್ರೆಗೆ ಹೋಗುತ್ತಿದ್ದಳು, ಬಂದು ಮಲಗುತ್ತಿದ್ದಳು.

ಜನವರಿ ಮುಗಿಯುವ ಹೊತ್ತಿಗೆ ವಾಷಿಂಗ್ಟನ್‌ನಲ್ಲಿ ಅದೇನೋ ರಾಜಿಯಾಯಿತು. ಟಿವಿಯಲ್ಲಿ ನಗುತ್ತ ಕೈ ಕುಲುಕಿದರು. ಕೆಲಸಕ್ಕೆ ಮರಳಿದ ದಿನ ಮಾರ್ವಿನ್ ಮೊಳೆಯಿಂದ ಬೀಗದ ಕೈ ತೆಗೆದು ಮೇಜಿನ ಮೇಲೆ ಇಟ್ಟ, ಕೈಗೆ ಕೊಡಲಿಲ್ಲ. ಡೆಲ್ಬರ್ಟ್ ಅದನ್ನೆತ್ತಿಕೊಂಡ. ಅವತ್ತು ಹೊರಗೆ ಅಷ್ಟು ಹೊತ್ತು ಯಾಕೆ ನಿಂತಿದ್ದೆ ಎಂದು ಕೇಳಬೇಕೆನ್ನಿಸಿತು. ಕೇಳಿದರೆ ಅವನು ಹೇಳಿಬಿಡುತ್ತಾನೆ ಎಂಬ ಭಯದಿಂದ ಕೇಳಲಿಲ್ಲ. ಹಿಮ ಕರಗಿ ರಸ್ತೆಗಳೆಲ್ಲ ಕೆಸರಾಗಿದ್ದವು. ದಿನವಿಡೀ ಕೆಸರಿನ ಹಳ್ಳಗಳನ್ನು ಸಮ ಮಾಡಿ ಸಂಜೆ ಬಂದ.

ಮುಂದಿನ ವಾರ ವರ್ನಾ ಅಂಗಡಿಯಿಂದ ಎರಡು ತುಂಬಿದ ಚೀಲ ಹೊತ್ತು ತಂದಳು. ಸಂಬಳ ಬಂತು ಎಂದಳು. ಹಾಲು, ಮೊಟ್ಟೆ, ಮಾಂಸ ಒಂದೊಂದಾಗಿ ಎತ್ತಿಡುತ್ತಿದ್ದಳು.

"ನಿಂದೂ ಬಂದಿದೆ. ಕೂತಿದ್ದ ದಿನಗಳದ್ದೆಲ್ಲ ಕೊಟ್ಟಿದಾರೆ. ಒಂದು ದಿನಾನೂ ಹಿಡಿದಿಲ್ಲ."

ಡೆಲ್ಬರ್ಟ್ ಬಾಗಿಲ ಬಳಿ ಕೂತು ಬೂಟಿನ ಕೆಸರು ಕೆರೆಯುತ್ತಿದ್ದ. ಕೈ ನಿಂತಿತು.

"ಆ ಬುಧವಾರದ್ದೂನಾ?"

ವರ್ನಾ ತಿರುಗಿ ನೋಡಿದಳು. ಅವಳ ಕೈಯಲ್ಲಿ ಮೊಟ್ಟೆಯ ಡಬ್ಬಿಯಿತ್ತು. ಅದನ್ನು ಎಲ್ಲಿಡಬೇಕೆಂದು ಮರೆತವಳಂತೆ ಸ್ವಲ್ಪ ಹೊತ್ತು ನಿಂತಿದ್ದು, "ಹೂಂ," ಎಂದಳು. ಆಮೇಲೆ ಬಂದು ಅವನ ಪಕ್ಕ ನೆಲದ ಮೇಲೆಯೇ ಕೂತು, ಇನ್ನೊಂದು ಬೂಟು ತೆಗೆದುಕೊಂಡು ಕೆರೆಯತೊಡಗಿದಳು.

ಭಾನುವಾರ ಅವನು ಪಿಕಪ್ಪಿಗೆ ಹುಲ್ಲಿನ ಹೊರೆಗಳು, ಒಂದು ಮೂಟೆ ಹಿಟ್ಟು, ಕಾಫಿ ಪುಡಿ ಹಾಕಿಕೊಂಡು ಕರಿಬಂಡೆಗೆ ಹೋದ. ಭಾವ ಹೊರಗೆ ಬಂದು ಹೊರೆಗಳನ್ನು ಇಳಿಸಲು ಕೈ ಹಾಕಿದ. ಯಾಕೆ ತಂದೆ ಎಂದು ಕೇಳಲಿಲ್ಲ. ಕುರಿಗಳು ಹೇಗಿವೆ, ಯಾವುದು ಈಯಲಿದೆ ಎಂದು ಇಬ್ಬರೂ ಮಾತಾಡಿದರು. ಗಾಳಿ ತಣ್ಣಗಿತ್ತು. ಬಾ ಒಳಗೆ, ತಿನ್ನು ಎಂದ ಭಾವ.

ಒಳಗೆ ಭಾವ ಅಂಗಿಯ ತೋಳು ಮಡಿಸಿ ರೊಟ್ಟಿ ಮಾಡತೊಡಗಿದ. ಮದುವೆಯಾದ ಮೇಲೆ ಅವನು ಹಿಟ್ಟಿಗೆ ಕೈ ಹಾಕಿದವನಲ್ಲ. ಹಿಟ್ಟು ನೀರಾಗಿ ಬೆರಳಿಗೆಲ್ಲ ಮೆತ್ತಿಕೊಂಡಿತ್ತು. ಅಂಗೈಯಿಂದ ಅಂಗೈಗೆ ತಟ್ಟಲು ಹೋದರೆ ಒಂದು ಕಡೆ ದಪ್ಪ, ಒಂದು ಕಡೆ ತೂತು. ಕಾದ ಬಾಣಲೆಗೆ ಹಾಕಿ, ಹೊಗೆ ಬರುವವರೆಗೂ ಅದನ್ನೇ ನೋಡುತ್ತ ನಿಂತಿದ್ದ. ಆಮೇಲೆ ತಟ್ಟೆಗೆ ಹಾಕಿ ಡೆಲ್ಬರ್ಟನ ಮುಂದೆ ಇಟ್ಟ.

"ಭಾವ, ಅವತ್ತು ಮಂಗಳವಾರ ನಾನು ಅಂಗಳಕ್ಕೆ ಹೋಗಿದ್ದೆ," ಎಂದು ಡೆಲ್ಬರ್ಟ್ ಶುರು ಮಾಡಿದ. "ಅಲ್ಲಿ ಗೋಡೆ ಮೇಲೆ..."

"ತಿನ್ನು," ಎಂದ ಕ್ಲಿಫರ್ಡ್. "ಆರಿಹೋಗುತ್ತೆ."

ಅವನು ಮತ್ತೆ ಒಲೆಯ ಕಡೆ ತಿರುಗಿ ಇನ್ನೊಂದು ಉಂಡೆ ತೆಗೆದುಕೊಂಡ. ರೊಟ್ಟಿ ಮೇಲೆ ಸೀದಿತ್ತು, ನಡುವೆ ಹಸಿಯಾಗಿತ್ತು. ಡೆಲ್ಬರ್ಟ್ ಅದನ್ನು ಸ್ವಲ್ಪವೂ ಬಿಡದೆ ತಿಂದ. ಭಾವ ಎರಡನೆಯದನ್ನು ತಂದು ಹಾಕಿದಾಗ ತಟ್ಟೆಯನ್ನು ಮುಂದಕ್ಕೆ ಹಿಡಿದ.